ಹುಣಸೆಹಣ್ಣಿನಲ್ಲಿ ತೊಳೆದ ಕಠಾರಿ

ನನ್ನ ಪಾಸ್‌ಪೋರ್ಟಿನಲ್ಲಿರುವ ದಿನ ನಾನು ಹುಟ್ಟಿದ ದಿನವಲ್ಲ. ಇದರಲ್ಲಿ ಮೋಸವೇನೂ ಇಲ್ಲ. ನನ್ನ ತಲೆಮಾರಿನ ಬಹಳ ಮಂದಿಯ ಕಥೆ ಇದೇ. ಶಾಲೆಗೆ ಸೇರಿಸಲು ಅಪ್ಪ ಕೈಹಿಡಿದು ಕರೆದೊಯ್ದಾಗ ಹೆಡ್‌ಮಾಸ್ತರರು ಜಾತಕ ಕೇಳಲಿಲ್ಲ, ಪಂಚಾಂಗ ತೆರೆಯಲಿಲ್ಲ. "ಬಲಗೈ ನೆತ್ತಿ ಮೇಲಿಂದ ತಂದು ಎಡಗಿವಿ ಮುಟ್ಟೋ" ಎಂದರು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಬರುವ ವರ್ಷ ಬಾ. ನನ್ನ ಬೆರಳು ಕಿವಿಗೆ ಒಂದಂಗುಲ ದೂರದಲ್ಲೇ ನಿಂತುಬಿಟ್ಟಿತಂತೆ. ಹಿಂದೆ ನಿಂತಿದ್ದ ಅಪ್ಪ ನನ್ನ ತಲೆಯನ್ನು ಕೊಂಚ ವಾಲಿಸಿದರಂತೆ. ಹೆಡ್‌ಮಾಸ್ತರರು ನೋಡಿಯೂ ನೋಡದವರ ಹಾಗೆ ಶಾಲೆ ತೆರೆಯುವ ಕಾಲಕ್ಕೆ ಹೊಂದುವ ಒಂದು ತಾರೀಖನ್ನು ಬರೆದುಕೊಂಡರು. ಆ ವಾಲಿದ ತಲೆಯ ಲೆಕ್ಕದ ಮೇಲೆಯೇ ನನಗೆ ಕಾಲೇಜು, ನೌಕರಿ, ಅಮೆರಿಕದ ವೀಸಾ, ಮಿಶಿಗನ್ನಿನ ಡ್ರೈವಿಂಗ್ ಲೈಸೆನ್ಸು ಎಲ್ಲವೂ ದೊರೆತವು.

ಇಂಥ ಅಂದಾಜಿನ ವಯಸ್ಸು ಹೊತ್ತವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಮಾತ್ರ ಅಂದಾಜಿನ ಕಡುವೈರಿ. ಅರವತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್ ಪಕ್ಕದ ವಾರೆನ್‌ಗೆ ಬಂದು, ದೊಡ್ಡ ಕಾರು ಕಂಪೆನಿಯೊಂದರ ಟೆಕ್ನಿಕಲ್ ಸೆಂಟರಿನಲ್ಲಿ ಲೋಹ ಪರೀಕ್ಷಿಸುವ ಇಂಜಿನಿಯರ್ ಆದೆ. ಮುರಿದ ಆಕ್ಸಲ್, ಸೀಳಿದ ಸ್ಪ್ರಿಂಗ್, ಉಪ್ಪು ಸುರಿದ ರಸ್ತೆಯಲ್ಲಿ ಓಡಾಡಿ ತುಕ್ಕು ಹಿಡಿದ ಬಂಪರ್ ನನ್ನ ಮೇಜಿಗೆ ಬರುತ್ತಿದ್ದವು. ಒಂದು ಚೂರು ಕತ್ತರಿಸಿ, ಕನ್ನಡಿಯ ಹಾಗೆ ಉಜ್ಜಿ, ಆಸಿಡ್ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಸಾಕು, ಎಷ್ಟು ಕಾಯಿಸಿದ್ದರು, ಹೇಗೆ ತಣಿಸಿದ್ದರು, ಎಲ್ಲಿ ಅವಸರಪಟ್ಟಿದ್ದರು ಎಂಬುದನ್ನೆಲ್ಲ ಉಕ್ಕು ಒಪ್ಪಿಸಿಬಿಡುತ್ತಿತ್ತು. ಮನುಷ್ಯರು ಸುಳ್ಳು ಹೇಳಬಹುದು, ಉಕ್ಕು ಹೇಳುವುದಿಲ್ಲ ಎಂದು ಕಂಡಕಂಡ ಊಟದ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಕೇಳಿ ಕೇಳಿ ಬೇಸತ್ತ ನನ್ನ ಹೆಂಡತಿ ವಿಶಾಲೂ, "ಅದು ಮಾತೇ ಆಡಲ್ವಲ್ಲ, ಇನ್ನು ಸುಳ್ಳೆಲ್ಲಿಂದ ಹೇಳುತ್ತೆ?" ಎನ್ನುತ್ತಿದ್ದಳು.

ಈ ಬಡಾಯಿಯೇ ಡಾಕ್ಟರ್ ಶಿವಲಿಂಗಪ್ಪನವರನ್ನು ನಮ್ಮ ಮನೆಗೆ ಎಳೆದು ತಂದಿತು. ಬೆಳಗಾವಿ ಕಡೆಯವರು, ಡೆಟ್ರಾಯಿಟಿನ ಆಸ್ಪತ್ರೆಯೊಂದರಲ್ಲಿ ಸರ್ಜನ್, ಮನೆ ಸೌತ್‌ಫೀಲ್ಡಿನಲ್ಲಿ. ಆಗ ಈ ಸೀಮೆಯಲ್ಲಿ ಕನ್ನಡದ ಮನೆಗಳೇ ಕಡಿಮೆ. ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಉಳಿದವರಿಗೆ ಸುದ್ದಿ ಮುಟ್ಟುತ್ತಿತ್ತು. ಒಂದು ಭಾನುವಾರ ಅವರು ಹಳೆಯ ರುಮಾಲಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಬಿಚ್ಚಿದರು. ಮರದ ಒರೆ, ಕೊಂಚ ಬಾಗಿದ ಮರದ ಹಿಡಿ. ಒಳಗೆ ಹಾವು ಹರಿದಂತೆ ಬಳುಕುವ ಕಪ್ಪು ಅಲಗು, ಅದರ ಮೈಮೇಲೆ ಹಿಟ್ಟಿನಲ್ಲಿ ಎಳೆದಂಥ ಬಿಳಿ ಗೆರೆಗಳು. ಜಾವಾ ದ್ವೀಪದ ಕಠಾರಿ. ಅಲ್ಲಿನವರು ಅದನ್ನು ಕೆರಿಸ್ ಎನ್ನುತ್ತಾರೆ.

ಹಿಂದಿನ ವರ್ಷ ತಂದೆ ತೀರಿಕೊಂಡಾಗ ಊರಿಗೆ ಹೋದವರು ಬರುವಾಗ ಇದನ್ನು ಸೂಟ್‌ಕೇಸಿನಲ್ಲಿಟ್ಟು ತಂದಿದ್ದರು. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಶೇಂಗಾ ಚಟ್ನಿಪುಡಿಯನ್ನೂ ಉಪ್ಪಿನಕಾಯಿಯನ್ನೂ ಮೂಸಿ ನೋಡಿ ಕಸದ ಬುಟ್ಟಿಗೆ ಹಾಕಿ, ಕಠಾರಿಯನ್ನು ಮಾತ್ರ ಗೌರವದಿಂದ ವಾಪಸು ಕೊಟ್ಟರಂತೆ. ಅವರು ಇದನ್ನು ನಗುತ್ತಲೇ ಹೇಳಿದರು. ಆಮೇಲಿನ ಮಾತುಗಳಲ್ಲಿ ನಗುವಿರಲಿಲ್ಲ.

ಅವರ ತಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಜಪಾನ್ ಸೋತ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳನ್ನು ಜಾವಾದ ಸುರಬಾಯ ಪಟ್ಟಣಕ್ಕೆ ಒಯ್ದರು. ಅಲ್ಲಿನ ಜನ ಆಗಷ್ಟೇ ತಮ್ಮ ಸ್ವಾತಂತ್ರ್ಯವನ್ನು ಸಾರಿಕೊಂಡಿದ್ದರು. ಇನ್ನೂ ಸ್ವತಂತ್ರರಾಗದ ನಮ್ಮ ಹುಡುಗರು ಸ್ವತಂತ್ರರಾಗ ಹೊರಟವರ ಎದುರು ಬಂದೂಕು ಹಿಡಿದು ನಿಲ್ಲಬೇಕಾಯಿತು. ಎರಡೂ ಕಡೆ ಬಹಳ ಮಂದಿ ಸತ್ತರು. ನಮ್ಮ ಇತಿಹಾಸದ ಪಾಠಗಳಲ್ಲಿ ಇದನ್ನು ನಾನು ಓದಿದ ನೆನಪಿಲ್ಲ. ನಮ್ಮವರು ಎಲ್ಲೆಲ್ಲಿ ಯಾರ ಯಾರ ಪರವಾಗಿ ಸತ್ತಿದ್ದಾರೆ ಎಂದು ಲೆಕ್ಕ ಹಾಕಲು ಹೊರಟರೆ ಇಂದಿಗೂ ಲೆಕ್ಕ ಮುಗಿಯುವುದಿಲ್ಲ.

ಊರಿಗೆ ಮರಳಿದ ತಂದೆ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿ ಬದುಕು ಸವೆಸಿದರು. ಜಾವಾದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಒಮ್ಮೆ ಮದುವೆಯೊಂದರ ಪಂಕ್ತಿಯಲ್ಲಿ ಸೋದರಮಾವನೊಬ್ಬ, "ಸತ್ತವನ ನಡದಾಗಿಂದ ಕಿತ್ತಕೊಂಡು ಬಂದಾನ ನೋಡ್ರಿ, ನಮ್ಮ ಶೂರ!" ಎಂದು ಎಲ್ಲರೆದುರು ನಕ್ಕನಂತೆ. ತಂದೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಡಿಸಿದ ಎಲೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದರು. ಆಗ ಹೈಸ್ಕೂಲಿನಲ್ಲಿದ್ದ ಮಗನ ಮನಸ್ಸಿನಲ್ಲಿ ಆ ಬಿಟ್ಟೆದ್ದ ಎಲೆ ಹಾಗೆಯೇ ಉಳಿಯಿತು.

ಅದು ಮತ್ತೆ ಎದುರಿಗೆ ಬಂದದ್ದು ಡೆಟ್ರಾಯಿಟಿನಲ್ಲಿ. ವಿಯೆಟ್ನಾಂ ಯುದ್ಧದ ಕಾಲ. ಅಲ್ಲಿಂದ ಮರಳಿದ ಯುವಕನೊಬ್ಬ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದವನು, ತಾನು ಕೊಂದವನ ಸೊಂಟದಿಂದ ತೆಗೆದ ಚಾಕುವನ್ನು ಇವರಿಗೆ ನಗುನಗುತ್ತ ತೋರಿಸಿದನಂತೆ. ಅಂದಿನಿಂದ ಇವರಿಗೆ ಮನೆಯಲ್ಲಿ ಆ ಗಂಟಿರುವ ಕಪಾಟನ್ನು ತೆರೆಯಲು ಮನಸ್ಸಾಗುತ್ತಿರಲಿಲ್ಲ.

"ನಮ್ಮಪ್ಪನೂ ಹಂಗ ತಂದಿದ್ರ ನಾ ಇದನ್ನ ಮನ್ಯಾಗ ಇಟ್ಟಕೊಳ್ಳೂದಿಲ್ರೀ," ಎಂದರು. "ಯಾವುದರೆ ಮ್ಯೂಜಿಯಮ್ಮಿಗೆ ಕೊಟ್ಟು ಬಿಡತೀನಿ. ಆದ್ರ ಅಪ್ಪನ ಮ್ಯಾಲಿನ ಸಂಶೇ ಯಾರಿಗೆ ಕೊಡ್ಲಿ? ನೀವು ಇದು ಯಾವ ಕಾಲದ್ದು, ಎಂಥಾದ್ದು ಅಂತ ಒಂದೀಟು ಹೇಳ್ರಿ. ಎಲ್ಲಿಂದರ ಸುರು ಆಗ್ಬೇಕಲ್ಲ."

ಎಲ್ಲಿಂದ ಶುರುಮಾಡಬೇಕೆಂದು ನನಗೆ ಗೊತ್ತಿತ್ತು. ಅಲಗಿನ ಬುಡದಿಂದ ಉಗುರಿನಷ್ಟು ಚೂರು ಕತ್ತರಿಸಲು ಬಿಡಿ ಎಂದೆ. ಅವರು ಕಠಾರಿಯನ್ನು ಎದೆಗೆ ಹತ್ತಿರ ಎಳೆದುಕೊಂಡರು. "ಕೊಯ್ಯಾಕ ಬಿಡೂದಿಲ್ರೀ." ಬೆಳಗಿನಿಂದ ಸಂಜೆಯವರೆಗೆ ಜೀವಂತ ಮನುಷ್ಯರನ್ನು ಕೊಯ್ಯುವವರು ಈ ಮಾತು ಹೇಳಿದ್ದಕ್ಕೆ ನಾನು ನಕ್ಕೆ. ಅವರು ನಗಲಿಲ್ಲ. ಕೊನೆಗೆ, ಕತ್ತರಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಕೆಲವು ವಾರ ನಮ್ಮ ಮನೆಯಲ್ಲಿಟ್ಟು ಹೋದರು.

ಕತ್ತರಿಸಬಾರದು ಎಂದ ಮೇಲೆ ಪುಸ್ತಕಗಳೇ ಗತಿ. ಲೈಬ್ರರಿಯಿಂದ ಹೊತ್ತು ತಂದು ಓದಿದೆ. ಜಾವಾದ ಕಮ್ಮಾರ ಕಬ್ಬಿಣದ ಜೊತೆ ನಿಕ್ಕಲ್ ಇರುವ ಲೋಹವನ್ನು ಸೇರಿಸಿ, ಕಾಯಿಸಿ, ಚಪಾತಿ ಹಿಟ್ಟಿನ ಹಾಗೆ ಮಡಿಸಿ ಮಡಿಸಿ ಬಡಿಯುತ್ತಿದ್ದ; ಆ ಮಡಿಕೆಗಳೇ ಬಿಳಿ ಗೆರೆಗಳು. ಹಿಂದೆ ಆಕಾಶದಿಂದ ಬಿದ್ದ ಕಲ್ಲಿನಿಂದಲೂ ನಿಕ್ಕಲ್ ತೆಗೆಯುತ್ತಿದ್ದರಂತೆ. ಆಮೇಲಾಮೇಲೆ ಯುರೋಪಿನ ನಿಕ್ಕಲ್ ಹಡಗಿನಲ್ಲಿ ಬರತೊಡಗಿತು, ನಮ್ಮ ಬಂಪರುಗಳ ಕ್ರೋಮಿಯಂ ಹೊಳಪಿನ ಕೆಳಗೆ ಅಡಗಿರುವುದೂ ಅದೇ. ಅಲಗಿನ ಬಳುಕುಗಳು ಯಾವಾಗಲೂ ಬೆಸ ಸಂಖ್ಯೆಯಲ್ಲಿರಬೇಕು, ನಾವು ಮುಯ್ಯಿ ಮಾಡುವಾಗ ನೂರರ ಮೇಲೆ ಒಂದು ರೂಪಾಯಿ ಇಡುವ ಹಾಗೆ. ಬುಡದಲ್ಲಿ ಪುಟ್ಟದೊಂದು ಆನೆಯ ಸೊಂಡಿಲಿನ ಆಕಾರ ಇರುತ್ತದೆ. ಸೊಂಡಿಲು ಹೇಗೆ ಸುರುಳಿಯಾಗಿದೆ, ಅಲಗು ಬುಡದಲ್ಲಿ ಎಷ್ಟು ಅಗಲ, ಸೊಂಟ ಎಷ್ಟು ಸಣ್ಣ ಎಂಬುದರಿಂದ ಯಾವ ರಾಜ್ಯದ ಕಾಲದ್ದು ಎಂದು ಹೇಳುತ್ತಾರಂತೆ. ನಾನು ಅಳತೆಪಟ್ಟಿ ಹಿಡಿದು ಅಳೆದೆ. ಒಂದು ಪುಸ್ತಕದ ಪ್ರಕಾರ ಅದು ಬಹಳ ಹಳೆಯದು, ಇನ್ನೊಂದರ ಪ್ರಕಾರ ತೀರ ಹೊಸದು. ಎರಡೂ ಪುಸ್ತಕಗಳನ್ನು ಬರೆದವರು ಒಬ್ಬರನ್ನೊಬ್ಬರು ಮೂರ್ಖರೆಂದು ಸಭ್ಯ ಮಾತುಗಳಲ್ಲಿ ಕರೆದಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಅಮೆರಿಕದಲ್ಲಿ ಆಯುಧಪೂಜೆಗೆ ಏನೇನಿಡಬೇಕು ಎಂಬ ಶಾಸ್ತ್ರ ಆಗಿನ್ನೂ ಸಿದ್ಧವಾಗಿರಲಿಲ್ಲ. ವಿಶಾಲೂ ತನ್ನದೇ ಶಾಸ್ತ್ರ ಮಾಡಿಕೊಂಡಿದ್ದಳು. ಕಾರು, ಹುಲ್ಲು ಕತ್ತರಿಸುವ ಯಂತ್ರ, ಹೊಲಿಗೆಯಂತ್ರ, ನಾನು ಲೆಕ್ಕಕ್ಕೆ ಬಳಸುವ ಸ್ಲೈಡ್ ರೂಲು. ಬೂದುಗುಂಬಳ ಸಿಗುವುದಿಲ್ಲವೆಂದು ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕಾಗಿ ಅಂಗಡಿಯಲ್ಲಿ ರಾಶಿ ಹಾಕಿದ ಕಿತ್ತಳೆ ಬಣ್ಣದ ಕುಂಬಳವನ್ನೇ ತಂದು ಕುಂಕುಮ ತುಂಬಿ ಡ್ರೈವ್‌ವೇ ಮೇಲೆ ಒಡೆಯುತ್ತಿದ್ದೆವು. ಪಕ್ಕದ ಮನೆಯವರು ಇವರಿಗೆ ಹ್ಯಾಲೋವೀನ್ ಯಾವಾಗಲೂ ಸ್ವಲ್ಪ ಮುಂಚೆಯೇ ಬರುತ್ತದೆ ಎಂದುಕೊಂಡಿದ್ದರು. ಆ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಮಣೆಯ ಮೇಲೆ ಸ್ಲೈಡ್ ರೂಲಿನ ಪಕ್ಕದಲ್ಲಿ ಕಠಾರಿ, ಅಂಗಡಿಯಿಂದ ಆಗಷ್ಟೇ ತಂದ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿದೆ. ಕಪ್ಪೂ ಇಲ್ಲ, ಬಿಳಿ ಗೆರೆಗಳೂ ಇಲ್ಲ.

"ಎಷ್ಟು ಕಿಲುಬು ಹತ್ತಿತ್ತು ಗೊತ್ತಾ ರೀ? ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ರಟ್ಟೆ ಬಿದ್ದುಹೋಯ್ತು," ಎಂದಳು ವಿಶಾಲೂ. "ಬುಡದಲ್ಲಿ ಗಣಪತಿ ಸೊಂಡಿಲು ಬೇರೆ ಇದೆ. ಹಾಗೇ ಕೊಳಕಾಗಿ ಹೇಗೆ ಪೂಜೆಗಿಡೋದು?"

ಹುಣಸೆಹಣ್ಣು ಎಂದರೆ ಆಗ ಸಾಮಾನ್ಯ ವಸ್ತುವಲ್ಲ. ಡೆಟ್ರಾಯಿಟಿನ ಮೆಕ್ಸಿಕನ್ ಅಂಗಡಿಗೆ ಹೋಗಿ ತರುತ್ತಿದ್ದ, ಸಾರಿಗೂ ಲೆಕ್ಕ ಹಾಕಿ ಬಳಸುತ್ತಿದ್ದ ಹುಣಸೆಯನ್ನು ಅವಳು ಆ ಪರದೇಶಿ ಗಣಪತಿಗೆ ಅರ್ಪಿಸಿದ್ದಳು. ಅವಳ ಭಕ್ತಿಯನ್ನು ಬೈಯುವಂತಿಲ್ಲ. ಆದರೆ ನನ್ನ ಕಣ್ಣಿಗೆ ಕಂಡದ್ದು ಹುಳಿ ತಿಂದ ಕಬ್ಬಿಣ ಮಾತ್ರ. ಒಬ್ಬ ಮನುಷ್ಯ ತನ್ನ ತಂದೆಯ ವಿಚಾರಣೆಗೆಂದು ನಂಬಿ ಬಿಟ್ಟುಹೋದ ಏಕೈಕ ಸಾಕ್ಷಿಯನ್ನು ನಾವು ಪಾತ್ರೆಯ ಜೊತೆ ತೊಳೆದಿಟ್ಟಿದ್ದೆವು. ಕತ್ತರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ತೊಳೆಯುವುದಿಲ್ಲ ಎಂದು ಕೊಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಪೂಜೆಗೆ ಡಾಕ್ಟರನ್ನೂ ಕರೆದಿದ್ದೆವು. ಬಂದರು, ನೋಡಿದರು. ಕಠಾರಿಯನ್ನೆತ್ತಿ ಎರಡೂ ಮಗ್ಗುಲು ತಿರುಗಿಸಿದರು. ವಿಶಾಲೂಗೆ ಆಗ ಏನೋ ಆಗಬಾರದ್ದು ಆಗಿದೆ ಎಂದು ತಿಳಿದು ಮುಖ ಸಣ್ಣದಾಯಿತು. "ಇರ್ಲಿ ಬಿಡ್ರಿ ವೈನಿ," ಎಂದರು ಕೊನೆಗೆ. "ನಮ್ಮಪ್ಪನೂ ತೊಳೀತಿದ್ದ, ಲಿಂಬಿಹಣ್ಣ ಹಚ್ಚಿ." ನನ್ನ ಗಾಬರಿಯಲ್ಲಿ ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಮರುದಿನ ಕಪ್ಪಾದ ಹುಣಸೆಯ ಚರಟವನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದರೆ ಅದರಲ್ಲಿ ಪಾಷಾಣ! ಇಲಿ ಸಾಯಿಸುವ ಪಾಷಾಣ. ವಿಶಾಲೂ ಅಂದು ಕೈ ತೊಳೆದ ರೀತಿ ನೋಡಿದರೆ ಕೈಗಳೂ ಬೆಳ್ಳಗಾಗಬೇಕಿತ್ತು.

ಶಿಕಾಗೋದ ವಸ್ತುಸಂಗ್ರಹಾಲಯವೊಂದರಲ್ಲಿ ಆ ದ್ವೀಪಗಳ ಸಾಮಾನುಗಳನ್ನು ನೋಡಿಕೊಳ್ಳುವ ಅಧಿಕಾರಿಣಿಯೊಬ್ಬರಿದ್ದಾರೆಂದು ತಿಳಿಯಿತು. ಫೋನ್ ಮಾಡಿ, ಒಂದು ಶನಿವಾರ ಮೂವರೂ ಕಾರಿನಲ್ಲಿ ಹೊರಟೆವು. ವಿಶಾಲೂ ತಾನೂ ಬರುತ್ತೇನೆಂದು ಹಟ ಹಿಡಿದು, ರೇಷ್ಮೆ ಸೀರೆ ಉಟ್ಟು, ಮೊಸರನ್ನದ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ತಪ್ಪೊಪ್ಪಿಕೊಳ್ಳುವವರು ಚೆನ್ನಾಗಿ ಉಟ್ಟುಕೊಂಡು ಹೋಗಬೇಕು ಎಂಬುದು ಅವಳ ಸಿದ್ಧಾಂತ. ಅಧಿಕಾರಿಣಿ ಒಳ್ಳೆಯವರು. ಜಾವಾದ್ದು ನಿಜ, ಹತ್ತೊಂಬತ್ತನೆಯ ಶತಮಾನದ್ದಿರಬಹುದು, ಹಿಂದಿನದೂ ಇರಬಹುದು, ಗೆರೆಗಳು ಅಳಿಸಿಹೋಗಿರುವುದರಿಂದ ಹೆಚ್ಚು ಹೇಳಲಾರೆ ಎಂದರು. ಊರ ದಕ್ಷಿಣಕ್ಕೆ ಸರೋವರದ ಹತ್ತಿರ ಜಾವಾದ ವಿದ್ಯಾರ್ಥಿನಿಯೊಬ್ಬಳಿದ್ದಾಳೆ, ಅವಳ ತಂದೆ ಊರಿನಿಂದ ಬಂದಿದ್ದಾರೆ, ಅವರಿಗೆ ತೋರಿಸಿ ಎಂದು ವಿಳಾಸ ಕೊಟ್ಟರು.

ಹಾಗೆ ನಾವು ಹರ್ಜೊ ಎಂಬ ಹಿರಿಯರ ಎದುರು ಹೋಗಿ ಕೂತೆವು. ತಮ್ಮ ಊರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಿಕಾಗೋದ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡಿದ್ದರು. ಅವರಿಗೆ ಇಂಗ್ಲಿಷು ಬಾರದು. ಮಗಳು ನಡುವೆ ಕೂತು ಮಾತನ್ನು ಅತ್ತಿಂದಿತ್ತ ದಾಟಿಸುತ್ತಿದ್ದಳು.

ಅವರು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. ನಾವಾದರೆ ಒರೆಯಿಂದ ಕತ್ತಿಯನ್ನು ಹಿರಿಯುತ್ತೇವೆ. ಅವರು ಕಠಾರಿಯನ್ನು ಅಲುಗಾಡದಂತೆ ಹಿಡಿದು, ಒರೆಯನ್ನು ಅದರಿಂದ ಮೆಲ್ಲಗೆ ಸರಿಸಿದರು, ಮಲಗಿದ ಮಗುವಿನ ಹೊದಿಕೆ ತೆಗೆಯುವ ಹಾಗೆ. ಹೊಳೆಯುವ ಅಲಗನ್ನು ನೋಡಿ ಹುಬ್ಬೇರಿಸಿದರು. ಯಾರು ತೊಳೆದರು ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಿಶಾಲೂ ಎದ್ದು ನಿಂತು, ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ, ನಾನೇ, ಹುಣಸೆಹಣ್ಣಿನಲ್ಲಿ, ಗೊತ್ತಿರಲಿಲ್ಲ, ಕ್ಷಮಿಸಿ ಎಂದಳು. ಮಗಳು ದಾಟಿಸಿದಳು. ಹಿರಿಯರು ತಲೆಯಾಡಿಸಿ ನಿಧಾನವಾಗಿ ಹೇಳಿದ್ದು ಇದು: ಚೆನ್ನಾಗಿ ತೊಳೆದಿದ್ದೀರಿ. ನಾವೂ ಹುಳಿ ಹಚ್ಚಿ ಗಟ್ಟಿಯಾಗಿ ತಿಕ್ಕಿಯೇ ಹಳೆಯ ಕಪ್ಪನ್ನೆಲ್ಲ ತೆಗೆದು ಬೆಳ್ಳಗೆ ಮಾಡುತ್ತೇವೆ. ಆಮೇಲೆ ನಿಂಬೆರಸದಲ್ಲಿ ಪಾಷಾಣ ಕಲಸಿ ಸವರಿದರೆ ಕಪ್ಪೂ ಬಿಳಿ ಗೆರೆಗಳೂ ಮರಳಿ ಬರುತ್ತವೆ. ಏನೂ ಹಾಳಾಗಿಲ್ಲ. ಅರ್ಧ ಕೆಲಸ ನೀವು ಮುಗಿಸಿದ್ದೀರಿ. ವಿಶಾಲೂ ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಆ ನೋಟ ಇಂದಿಗೂ ಪೂರ್ತಿ ಮುಗಿದಿಲ್ಲ.

ಆದರೆ ತೊಳೆಯುವ ತಿಂಗಳು ಇದಲ್ಲ, ಎಂದು ಸೇರಿಸಿದರು ಹಿರಿಯರು.

ಡಾಕ್ಟರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಮ್ಮ ತಂದೆಯೂ ವರ್ಷಕ್ಕೊಮ್ಮೆ ತೊಳೆಯುತ್ತಿದ್ದರು ಎಂದರು. ಯಾವಾಗ ಎಂದು ಆ ಕಡೆಯಿಂದ ಪ್ರಶ್ನೆ ಬಂತು.

ಡಾಕ್ಟರಿಗೆ ಅದನ್ನು ವಿವರಿಸುವುದು ಕಷ್ಟವಾಯಿತು. ಅವರು ಹೇಳಿದ್ದು ಇಷ್ಟು: ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಎಂದರೆ ಬರೀ ಮುಸಲ್ಮಾನರ ಹಬ್ಬವಲ್ಲ, ಊರಿಗೆ ಊರೇ ಸೇರಿ ಮಾಡುತ್ತದೆ. ಮಸೀದಿಯ ಮುಂದೆ ಬೆಂಕಿಗಾಗಿ ಅಲಾಯಿ ಕುಣಿ ತೋಡುತ್ತಾರೆ. ಚಂದ್ರ ಕಂಡು ಆ ಕುಣಿಗೆ ಮೊದಲ ಗುದ್ದಲಿ ಹಾಕಿದ ದಿನ ತಂದೆ ಒಬ್ಬರೇ ಕೋಣೆಯಲ್ಲಿ ಕೂತು ಕಠಾರಿಗೆ ನಿಂಬೆಹಣ್ಣು ಹಗುರಾಗಿ ಹಚ್ಚಿ, ಹೂವು ಹಾಕಿದ ನೀರಿನಲ್ಲಿ ತೊಳೆದು, ಗಂಧದೆಣ್ಣೆ ಸವರಿ, ರುಮಾಲಿನಲ್ಲಿ ಸುತ್ತಿಡುತ್ತಿದ್ದರು. ಕೆಲವು ವರ್ಷ ಅದು ಬಿಸಿಲುಗಾಲದಲ್ಲಿ, ಕೆಲವು ವರ್ಷ ಮಳೆಗಾಲದಲ್ಲಿ. ನಾವು ಲಿಂಗಾಯತರು, ಆದರೂ ಅಪ್ಪ ಅಲಾಯಿ ದೇವರಿಗೆ ಏನೋ ಹರಕೆ ಹೊತ್ತಿದ್ದಾರೆ ಎಂದು ಅವ್ವ ತಿಳಿದಿದ್ದಳು. ನಾವೂ ಹಾಗೇ ತಿಳಿದಿದ್ದೆವು. ಊರಲ್ಲಿ ಹಾಗೆ ಹರಕೆ ಹೊರುವವರು ಎಷ್ಟೋ ಮಂದಿ. ಯಾರೂ ಏನೂ ಕೇಳಲಿಲ್ಲ.

ಮಗಳು ಇದನ್ನು ಹೇಳುತ್ತ ಹೇಳುತ್ತ ಅರ್ಧದಲ್ಲಿ ತಾನೇ ತಡೆದು, ಮೊಹರಂ ತಿಂಗಳ ಮೊದಲ ದಿನವೇ ಎಂದು ಡಾಕ್ಟರನ್ನು ಕೇಳಿ ಖಚಿತಪಡಿಸಿಕೊಂಡಳು. ಪೂರ್ತಿ ಕೇಳಿದ ಹಿರಿಯರು ಕಠಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರ ಮುಖವನ್ನೇ ನೋಡಿದರು.

ಜಾವಾದಲ್ಲಿ ಆ ತಿಂಗಳಿಗೆ ಸುರೋ ಎನ್ನುತ್ತಾರಂತೆ. ಸುರೋ ತಿಂಗಳ ಮೊದಲ ದಿನ ಅವರಿಗೆ ಹೊಸ ವರ್ಷ. ಕೆರಿಸ್‌ಗಳನ್ನು ತೊಳೆಯುವುದು ಆ ತಿಂಗಳಿನಲ್ಲಿ, ನಿಂಬೆಹಣ್ಣಿನಿಂದ, ಹೂವಿನ ನೀರಿನಿಂದ. ಆಮೇಲೆ ಗಂಧದೆಣ್ಣೆ, ಆಮೇಲೆ ಬಟ್ಟೆ. "ನಿಮ್ಮ ತಂದೆ ಮಾಡುತ್ತಿದ್ದದ್ದು ನಿಮ್ಮ ಊರಿನ ಪದ್ಧತಿಯಲ್ಲ, ನಮ್ಮದು," ಎಂದು ಮಗಳು ಅವರ ಮಾತನ್ನು ದಾಟಿಸಿದಳು. "ಇದನ್ನು ಒರೆಯ ಮೇಲೆ ಯಾರೂ ಬರೆದಿರುವುದಿಲ್ಲ. ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಬೇಕು. ಕೆರಿಸ್ ಕೊಡುವವರು ಹೇಳಿಕೊಡುತ್ತಾರೆ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲಿಲ್ಲ. ನನಗೂ ಕಣ್ಣು ತುಂಬಿ ಬಂತು. ಅಷ್ಟು ವಾರ ಆ ಕಠಾರಿಯನ್ನು ಅಳೆದು ತೂಗಿ, ಅದು ಯಾವ ಶತಮಾನದ್ದೆಂದು ಪುಸ್ತಕಗಳನ್ನು ಕಾಡಿದವನು ನಾನು. ಅದನ್ನು ಯಾವ ದಿನ ತೊಳೆಯುತ್ತಿದ್ದರು ಎಂದು ಒಂದು ಮಾತು ಮಗನನ್ನು ಕೇಳಬೇಕೆಂದು ತೋಚಲೇ ಇಲ್ಲ.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಟೀ ಕುಡಿದಾದ ಮೇಲೆ, ಅಂದ ಹಾಗೆ ಇದರ ವಯಸ್ಸೆಷ್ಟು ಎಂದು ಕೇಳಿಯೇಬಿಟ್ಟೆ. ಹಿರಿಯರು ಅಲಗನ್ನು ಉಗುರಿನಿಂದ ಮೀಟಿ ನಾದ ಕೇಳಿದರು, ಹೆಬ್ಬೆರಳಿನಿಂದ ಕಬ್ಬಿಣವನ್ನು ಸವರಿದರು, ದೂರ ಹಿಡಿದು ನೋಡಿದರು. ಒರೆ ಈಚಿನದು, ಸುರಬಾಯ ಕಡೆಯದು. ಅಲಗು ಮಾತಾರಾಂ ರಾಜ್ಯದ ಕಾಲದ್ದು, ಮುನ್ನೂರು ವರ್ಷವಾಗಿರಬಹುದು. ಇಲ್ಲವೇ ಆ ಕಾಲದ್ದನ್ನು ಚೆನ್ನಾಗಿ ಅನುಕರಿಸಬಲ್ಲ ಒಬ್ಬ ಕಮ್ಮಾರ ಆಮೇಲೆ ಮಾಡಿದ್ದು. ಹೀಗೆ ಕಾಲ ಹೇಳುವ ವಿದ್ಯೆಗೆ ಅವರ ಭಾಷೆಯಲ್ಲೊಂದು ಹೆಸರಿದೆ, ಅದರ ಅರ್ಥವೇ ಅಂದಾಜು ಎಂದಳು ಮಗಳು. ಎಷ್ಟು ಖಾತ್ರಿ ಎಂದು ನಾನು ಬಿಡದೆ ಕೇಳಿದೆ.

ಹಿರಿಯರು ನಕ್ಕರು. ಸ್ವೆಟರಿನ ಬಲಗೈಯನ್ನು ಎತ್ತಿ ನೆತ್ತಿಯ ಮೇಲಿಂದ ತಂದು ಎಡಗಿವಿಯನ್ನು ಹಿಡಿದು ತೋರಿಸಿದರು.

ಮಗಳು ವಿವರಿಸಲು ಬಾಯಿ ತೆರೆಯುವ ಮೊದಲೇ ನಾನೂ ಕೈಯೆತ್ತಿ ನನ್ನ ಎಡಗಿವಿಯನ್ನು ಹಿಡಿದಿದ್ದೆ. ಜಾವಾವನ್ನು ಡಚ್ಚರು ಆಳುತ್ತಿದ್ದ ಕಾಲದ ಶಾಲೆಯಲ್ಲಿ ಅವರೂ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದದ್ದು ಹೀಗೆಯೇ. ಇಬ್ಬರು ಬೆಳೆದ ಗಂಡಸರು ಶಿಕಾಗೋದ ಮನೆಯೊಂದರಲ್ಲಿ ತಮ್ಮ ತಮ್ಮ ಕಿವಿ ಹಿಡಿದುಕೊಂಡು ಎದುರುಬದುರು ಕೂತಿದ್ದೆವು. ಡಾಕ್ಟರೂ ನಕ್ಕರು, ಆ ವರ್ಷ ಅವರು ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಮರಳುವಾಗ ಕಲಮಜೂ ಊರಿನ ಎಕ್ಸಿಟ್ ದಾಟಿದೆವು. ನಾನು ಸುಮ್ಮನಿರಲಾರದೆ, ಕೊಳ್ಳೆ ಹೊಡೆದು ತಂದವನೂ ಆಮೇಲೆ ಯಾರನ್ನಾದರೂ ಕೇಳಿ ತಿಳಿದುಕೊಂಡಿರಬಹುದಲ್ಲ, ಪೂರ್ತಿ ಖಾತ್ರಿ ಎನ್ನುವಂತಿಲ್ಲ ಎಂದೆ. ಹಿಂದಿನ ಸೀಟಿನಿಂದ ವಿಶಾಲೂ "ನೀವು ಸ್ವಲ್ಪ ರೋಡ್ ನೋಡ್ಕೊಂಡು ಡ್ರೈವ್ ಮಾಡಿ" ಎಂದಳು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. "ಕೇಳಿರಬಹುದ್ರಿ," ಎಂದರು. "ಆದ್ರ ಕಿತ್ತಕೊಂಡು ಬಂದಾಂವ ಯಾಕ ಕೇಳತಾನ, ಇದನ್ನ ಹೆಂಗ ಜ್ವಾಕಿ ಮಾಡಬೇಕು ಅಂತ?" ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡು ಮತ್ತೆ ಹೇಳಿದರು: "ಯಾರರೆ ಗಾಯ ಆದಾಂವ ಇದ್ದಿರಬೇಕು. ನಮ್ಮಪ್ಪ ಪಟ್ಟಿ ಕಟ್ಟಿರಬೇಕು. ಉಳಿದನೋ ಇಲ್ಲೋ. ಆವತ್ತು ಊಟದ ಎಲಿ ಬಿಟ್ಟು ಎದ್ದು ಹೋದನಲ್ರಿ, ಅಂವಗ ನಾಚಿಕಿ ಆಗಿದ್ದಿಲ್ಲ. ದುಃಖ ಆಗಿತ್ತು. ಕೊಟ್ಟವನ್ನ ಹೆಣ ಅಂದ್ರ ದುಃಖ ಆಗೂದಿಲ್ಲೇನು?"

ಕೊಟ್ಟವರು ಯಾರೆಂದು ನಮಗೆ ಎಂದೂ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ಆ ಕಠಾರಿಯನ್ನು ಡಾಕ್ಟರ್ ಯಾವ ಮ್ಯೂಸಿಯಮ್ಮಿಗೂ ಕೊಡಲಿಲ್ಲ. ಹರ್ಜೊ ಅವರು ಹೇಳಿಕೊಟ್ಟಂತೆ ನಮ್ಮ ಲ್ಯಾಬಿನಲ್ಲಿ, ಮೇಲಧಿಕಾರಿಯ ಒಪ್ಪಿಗೆ ಪಡೆದು, ವಿಷದ ಹಬೆಯನ್ನು ಹೀರುವ ಗಾಜಿನ ಪೆಟ್ಟಿಗೆಯೊಳಗೆ ನಿಂಬೆರಸ ಮತ್ತು ಪಾಷಾಣವನ್ನು ನಾನೇ ಸವರಿದೆ. ಕಬ್ಬಿಣ ಮೆಲ್ಲಮೆಲ್ಲನೆ ಕಪ್ಪಾಗುತ್ತ ಬಂದು, ಅದರ ನಡುವೆ ಬಿಳಿ ಗೆರೆಗಳು ಒಂದೊಂದಾಗಿ ಎದ್ದವು. ನನ್ನ ಲೋಹಶಾಸ್ತ್ರ ಒಬ್ಬ ಮನುಷ್ಯನ ಕಣ್ಣೆದುರೇ ಅವನಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ ಎಂದು ತೋರುತ್ತದೆ.

ಮುಂದಿನ ಮೊಹರಂ ಹತ್ತಿರವಾದಾಗ ಮಿಶಿಗನ್ನಿನಲ್ಲಿ ಚಂದ್ರ ಕಾಣುವುದು ಯಾವಾಗ ಎಂಬ ಪ್ರಶ್ನೆ ಬಂತು. ಊರಿನಲ್ಲಾದರೆ ಗುದ್ದಲಿ ಹಾಕಿದ ಸುದ್ದಿಯೇ ಸಾಕಿತ್ತು. ಡಾಕ್ಟರ್ ಡಿಯರ್‌ಬಾರ್ನಿನ ಅರಬರ ದಿನಸಿ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದು ನಮ್ಮನ್ನೂ ಕರೆದರು. ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಕೂತು, ಅಂಗಿಯ ತೋಳು ಮಡಿಸಿ, ಒರೆಯನ್ನು ಹರ್ಜೊ ಸರಿಸಿದ ಹಾಗೆಯೇ ಮೆಲ್ಲಗೆ ಸರಿಸಿದರು. ನಿಂಬೆ, ಹೂವಿನ ನೀರು, ಗಂಧದೆಣ್ಣೆ. ವಿಶಾಲೂ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರದಲ್ಲೇ ಕೂತಿದ್ದಳು. ಎಲ್ಲ ಮುಗಿದ ಮೇಲೆ ಡಾಕ್ಟರ್ ತಮ್ಮ ಅಂಗೈಯನ್ನು ಮೂಗಿಗೆ ಹಿಡಿದುಕೊಂಡರು. ಹಿಡಿದವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಆ ಕೈಯನ್ನು ನನ್ನ ಮುಂದೆ ಚಾಚಿದರು.

"ಈಟು ಮೂಸಿ ನೋಡ್ರಿ. ಇದು ನಮ್ಮಪ್ಪನ ಕೈ ಹೌದೋ ಅಲ್ಲೋ?"

ಅವರ ತಂದೆಯನ್ನು ನಾನು ಕಂಡವನೇ ಅಲ್ಲ. ನಿಂಬೆ, ಗಂಧ, ಸ್ವಲ್ಪ ಕಬ್ಬಿಣ. ನನ್ನ ಮೂಗಿಗೆ ತಿಳಿದದ್ದು ಅಷ್ಟೇ. ಹೌದು ಎಂದೆ. ಹಾಗೆನ್ನಲು ತಲೆಯನ್ನು ಕೊಂಚ ವಾಲಿಸಬೇಕಾಯಿತು. ಹಿಂದೆ ಅಪ್ಪ ನಿಂತಿರಲಿಲ್ಲ, ನಾನೇ ವಾಲಿಸಿಕೊಂಡೆ.